ಮೂಡಲಗಿರಿಯಪ್ಪನವರ ಬೆನ್ನು

ಚಳ್ಳಕೆರೆಯ ಮೂಡಲಗಿರಿಯಪ್ಪನವರು ತಮ್ಮ ಅರವತ್ತೊಂದು ವರ್ಷದ ಬದುಕಿನಲ್ಲಿ ಒಂದು ಧಾರಾವಾಹಿಯ ಕಥೆಯನ್ನೂ ನೋಡಿದವರಲ್ಲ. ಆದರೆ ಕನ್ನಡದಲ್ಲಿ ಅವರು ನೋಡದ ಟೈಟಲ್ ಸಾಂಗ್ ಒಂದೂ ಇರಲಿಲ್ಲ. ಸಂಜೆ ಏಳಕ್ಕೆ ಇನ್ನೂ ಎರಡು ನಿಮಿಷವಿರುವಾಗಲೇ ಕೈಕಾಲು ತೊಳೆದು, ಪೂಜೆಗೆ ಕೂತವರ ಗಾಂಭೀರ್ಯದಿಂದ ಟೀವಿಯ ಮುಂದೆ ಚಕ್ಕಳಮಕ್ಕಳ ಹಾಕುವರು. ಹಾಡು ಶುರುವಾಗುವುದು. ನಾಯಕಿ ರಂಗೋಲಿ ಹಾಕಿ ತಲೆಯೆತ್ತಿ ನಗುವಳು, ಅತ್ತೆ ಮೆಟ್ಟಿಲ ಮೇಲೆ ನಿಂತು ಹುಬ್ಬೇರಿಸುವಳು, ನಾಯಕ ಕಾರಿನಿಂದಿಳಿದು ಕನ್ನಡಕ ತೆಗೆಯುವನು. ಒಂದೊಂದಾಗಿ ಹೆಸರುಗಳು ಬರುವವು. ಕೊನೆಗೆ ನಿರ್ದೇಶಕರ ಹೆಸರು ಬಂದು ಮಾಯವಾದ ಕ್ಷಣವೇ ಮೂಡಲಗಿರಿಯಪ್ಪನವರು "ಮುಗೀತು" ಎಂದು ಎದ್ದು ಜಗುಲಿಗೆ ಹೋಗುವರು. ಅವರು ಎದ್ದ ಜಾಗಕ್ಕೆ ಅಡುಗೆಮನೆಯಿಂದ ಹೆಂಡತಿ ಗಂಗಲಕ್ಷ್ಮಿ ಬಂದು ಕೂರುವರು. ಆಕೆಗೆ ಹಾಡು ಬೇಡ, ಕಥೆ ಬೇಕು. ಹೀಗೆ ದಂಪತಿಗಳಿಬ್ಬರೂ ಸೇರಿ ದಿನಕ್ಕೊಂದು ಧಾರಾವಾಹಿಯನ್ನು ಪೂರ್ತಿಯಾಗಿ ನೋಡುತ್ತಿದ್ದರು. ಒಬ್ಬರಿಗೊಬ್ಬರು ಅಡ್ಡಬರದ ಇಂಥ ದಾಂಪತ್ಯ ಆ ಬೀದಿಯಲ್ಲಿ ಇನ್ನೊಂದಿರಲಿಲ್ಲ.

"ಕತೆ ನೋಡಲ್ಲ ಅಂದಮ್ಯಾಲೆ ಹಾಡು ಯಾಕ್ರಿ ನೋಡ್ತೀರ?" ಎಂದು ಯಾರಾದರೂ ಕೇಳಿದರೆ ಅವರ ಹತ್ತಿರ ಉತ್ತರ ಸಿದ್ಧವಿತ್ತು: "ಹಾಡಿನಾಗೆ ಎಲ್ಲಾರೂ ನಗ್ತಿರ್ತಾರೆ ಕಣಪ್ಪ. ಆಮ್ಯಾಲೆ ಯಾರು ನಗ್ತಾರೆ ಹೇಳು?"

ಇದು ಊರಿಗೆ ಹೇಳುತ್ತಿದ್ದ ಕಾರಣ. ನಿಜವಾದ ಕಾರಣ ಬೇರೆಯಿತ್ತು. ಅದು ಅವರಿಗೆ ಮತ್ತು ದೇವರಿಗೆ ಮಾತ್ರ ಗೊತ್ತಿತ್ತು. ಈಗ ಓದುಗರಿಗೂ ಹೇಳದೆ ವಿಧಿಯಿಲ್ಲ.

ಮೂವತ್ತೆರಡು ವರ್ಷಗಳ ಹಿಂದೆ ಮೂಡಲಗಿರಿಯಪ್ಪನವರು ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದರು. ಮದುವೆಯಾಗಿ ಆರು ತಿಂಗಳಾಗಿತ್ತು. ಒಂದು ಮಾಗಿಯ ಬೆಳಗ್ಗೆ ಶೇಂಗಾ ಖರೀದಿಗೆಂದು ಮೊಳಕಾಲ್ಮುರು ಕಡೆಯ ಸಿದ್ದಾಪುರಕ್ಕೆ ಹೋದಾಗ, ಜಟಿಂಗ ರಾಮೇಶ್ವರದ ಗುಡ್ಡದ ಬುಡದಲ್ಲಿ ಯಾರೋ ಬೆಂಗಳೂರಿನವರು ಕ್ಯಾಮೆರಾ ನಿಲ್ಲಿಸಿಕೊಂಡು ಪರದಾಡುತ್ತಿದ್ದರು. 'ಗುಡ್ಡದಾಚೆ ಮನೆ' ಎಂಬ ಧಾರಾವಾಹಿಯ ಟೈಟಲ್‌ಗೆ ಶೂಟಿಂಗು. ಸೂರ್ಯ ಹುಟ್ಟುವ ಹೊತ್ತಿಗೆ ಕುರಿ ಕಾಯುವವನೊಬ್ಬ ಕುರಿಗಳ ಹಿಂದೆ ಬೆಟ್ಟದ ಕಡೆ ನಡೆದುಹೋಗಬೇಕು. ಕುರಿ ಸಿಕ್ಕಿತ್ತು, ಬೆಟ್ಟ ಇತ್ತು, ಸೂರ್ಯನೂ ಬರುವ ಸೂಚನೆ ಕೊಟ್ಟಿದ್ದ. ಒಳ್ಳೆಯ ಕಂಬಳಿ ಇರಲಿಲ್ಲ. ಅವರ ಕಣ್ಣು ಮೂಡಲಗಿರಿಯಪ್ಪನವರು ಹೊದ್ದಿದ್ದ ಕಂಬಳಿಯ ಮೇಲೆ ಬಿತ್ತು. ಕಡುಗಪ್ಪು ಬಣ್ಣ, ಕೆಂಪು ಅಂಚು, ಗಂಗಲಕ್ಷ್ಮಿಯ ತಾಯಿ ತಾನೇ ನೂಲು ತೆಗೆದು ನೇಯಿಸಿ ಅಳಿಯನಿಗೆ ಕೊಟ್ಟದ್ದು.

"ಸ್ವಲ್ಪ ಹೊತ್ತು ಕೊಡಿ ಸಾರ್, ಟೈಟಲ್‌ನಲ್ಲಿ ನಿಮ್ಮ ಹೆಸರು ಹಾಕ್ತೀವಿ" ಎಂದರು.

ಮೂಡಲಗಿರಿಯಪ್ಪನವರು ಕಂಬಳಿ ಕೊಟ್ಟರು, ಹೆಸರು ಬರೆಸಿದರು, ಇನಿಷಿಯಲ್ಲಿನ ಚುಕ್ಕೆ ಎಲ್ಲಿ ಬರಬೇಕೆಂಬುದನ್ನೂ ತೋರಿಸಿದರು. ಅಷ್ಟರಲ್ಲಿ ಮಿಲ್ಲಿನ ಲಾರಿ ಹಾರನ್ ಹೊಡೆಯಿತು. ಲೋಡು ಮುಗಿಸಿ ಮಧ್ಯಾಹ್ನ ಬಂದು ನೋಡಿದರೆ ಕ್ಯಾಮೆರಾ ಇಲ್ಲ, ಜನ ಇಲ್ಲ, ಕಂಬಳಿಯೂ ಇಲ್ಲ. ಮನೆಗೆ ಹೋಗಿ ಹೆಂಡತಿಗೆ, "ಬಸ್ಸಿನಾಗೆ ತೂಕಡಿಸಿದ್ದೆ ಕಣೇ, ಯಾವನೋ ಹೊಡ್ಕೊಂಡು ಹೋದ" ಎಂದರು.

ಧಾರಾವಾಹಿ ಬಂತು. ಆಗ ಮನೆಯಲ್ಲಿ ಟೀವಿ ಇರಲಿಲ್ಲ. ಮಿಲ್ ಸಾಹುಕಾರರ ಮನೆಯ ಕಿಟಕಿಯಲ್ಲಿ ನಿಂತು, ಕಪ್ಪುಬಿಳುಪಿನ ಪರದೆಯಲ್ಲಿ ಟೈಟಲ್ ನೋಡಿದರು. ಉಡುಪಿನವರ ಹೆಸರು ಬಂತು, ವಾಹನದವರ ಹೆಸರು ಬಂತು, ಊಟ ಬಡಿಸಿದವರ ಹೆಸರೂ ಬಂತು. ಕಂಬಳಿಯವರದು ಬರಲಿಲ್ಲ. ಮುಂದಿನ ವಾರ ಬರಬಹುದು ಎಂದು ಕಾದರು. ಧಾರಾವಾಹಿಯೇ ಮುಗಿದುಹೋದಾಗ, ಮುಂದಿನ ಧಾರಾವಾಹಿಯಲ್ಲಾದರೂ ಹಾಕಿಯಾರು ಎಂದು ಅದನ್ನು ನೋಡಿದರು. ಹೀಗೆ ಕಾಯುವುದು ಕಾಲಕ್ರಮದಲ್ಲಿ ಅಭಿರುಚಿಯಾಯಿತು.

ಇಂತಿರುವಾಗ ಯಾವುದೋ ಚಾನೆಲ್ಲಿಗೆ ಹಳೆಯ ಧಾರಾವಾಹಿಗಳ ಮೇಲೆ ಪ್ರೀತಿ ಹುಟ್ಟಿ, 'ಗುಡ್ಡದಾಚೆ ಮನೆ'ಯನ್ನು ಬೆಳಗ್ಗೆ ಹನ್ನೊಂದಕ್ಕೆ ಮತ್ತೆ ಹಾಕತೊಡಗಿತು. ಮೂಡಲಗಿರಿಯಪ್ಪನವರು ಅದನ್ನು ನೋಡಿದ್ದು ಖಾಜಾ ಹುಸೇನನ ಟೀವಿ ರಿಪೇರಿ ಅಂಗಡಿಯಲ್ಲಿ. ನಿವೃತ್ತಿಯಾದ ಮೇಲೆ ಹಗಲಿನ ಟೈಟಲ್‌ಗಳನ್ನೆಲ್ಲ ಅವರು ಅಲ್ಲೇ ನೋಡುತ್ತಿದ್ದರು. ಆವತ್ತು ಅಂಗಡಿಯಲ್ಲಿ ಗೋವರ್ಧನನೂ ಇದ್ದ. ಈತ 'ಕಾವಲು ಕಹಳೆ' ಎಂಬ ವಾರಪತ್ರಿಕೆಯ ಸಂಪಾದಕ, ವರದಿಗಾರ ಮತ್ತು ಮನೆಮನೆಗೆ ಹಾಕುವವ.

ಕೊಳಲಿನ ಜೊತೆ ಹಾಡು ಶುರುವಾಯಿತು. ಗುಡ್ಡದ ಮೇಲೆ ಸೂರ್ಯ ಎದ್ದ. ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯಿಂದ ಹೊದ್ದ ಒಂದು ಆಕೃತಿ, ಕ್ಯಾಮೆರಾಕ್ಕೆ ಬೆನ್ನು ಹಾಕಿ, ಕುರಿಗಳ ಹಿಂದೆ ನಿಧಾನವಾಗಿ ನಡೆಯಿತು. ಈ ಸಲ ಎಲ್ಲವೂ ಬಣ್ಣದಲ್ಲಿತ್ತು. ಕೆಂಪು ಅಂಚು ಬೆಂಕಿಯಂತೆ ಹೊಳೆಯಿತು.

"ಇಷ್ಟು ಚೆಂದ ನಡೀತೈತಲ್ಲ, ಯಾರ್ದಿರಬೋದು ಇದು?" ಎಂದ ಗೋವರ್ಧನ.

"ನಂದು!" ಎಂದು ಮೂಡಲಗಿರಿಯಪ್ಪನವರು ಸ್ಟೂಲಿನಿಂದ ಎದ್ದೇಬಿಟ್ಟರು. "ನಂದೇ ಕಣಯ್ಯ ಅದು! ಮೂವತ್ತೆರಡು ವರ್ಷ ಆತು ನೋಡಿ!"

"ನಿಮ್ದಾ? ಆ ಬೆನ್ನು?"

"ಬೆನ್ನಲ್ಲ ಕಣಯ್ಯ, ಅದು..." ಎಂದು ಬಾಯಿ ತೆರೆದವರು ಹಾಗೇ ನಿಂತರು. ಬಾಗಿಲಲ್ಲಿ ಗಂಗಲಕ್ಷ್ಮಿ ನಿಂತಿದ್ದರು. ಕೆಟ್ಟ ಮಿಕ್ಸಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಆ ಗಳಿಗೆಯಲ್ಲೇ ಬಂದಿದ್ದರು.

"ಏನು ನಿಮ್ದು?" ಎಂದರು.

ಕಂಬಳಿ ಎಂದರೆ ಬಸ್ಸಿನ ಕಳ್ಳ ಸುಳ್ಳಾಗುತ್ತಾನೆ. ಮೂಡಲಗಿರಿಯಪ್ಪನವರು, "ಬೆನ್ನು" ಎಂದರು.

"ಅಕ್ಕ, ನಿಮ್ಮ ಯಜಮಾನ್ರು ಟೀವಿಯಾಗೆ ಅವ್ರೆ!" ಎಂದು ಗೋವರ್ಧನ ಕೂಗಿದ.

ಗಂಗಲಕ್ಷ್ಮಿ ಪರದೆಯ ಹತ್ತಿರ ಮೂಗು ತಂದು ನೋಡಿದರು. "ಕಂಬಳಿ ನಮ್ಮವ್ವ ಕೊಟ್ಟಿದ್ದೇ."

"ಹ್ಞೂಂ. ಹೊದ್ಕೊಂಡು ನಡೆದೆ. ಬರೋವಾಗ ಬಸ್ಸಿನಾಗೆ ಕಳುವಾತು."

"ಮೂವತ್ತೆರಡು ವರ್ಷ ಈ ಬೆನ್ನಿಗೆ ಎಣ್ಣೆ ತಿಕ್ಕೀನಿ," ಎಂದರು ಗಂಗಲಕ್ಷ್ಮಿ ಮಿಕ್ಸಿ ಕೆಳಗಿಟ್ಟು, "ಇದು ಟೀವಿಯಾಗೆ ಬಂದ ಬೆನ್ನು ಅಂತ ಒಂದು ಮಾತು ಹೇಳ್ಲಿಲ್ಲವಲ್ರೀ!" ಅವರ ಕಣ್ಣಲ್ಲಿ ನೀರಿತ್ತು. ಅದು ಹೆಮ್ಮೆಯ ನೀರೆಂದು ತಿಳಿದಾಗ ಮೂಡಲಗಿರಿಯಪ್ಪನವರಿಗೆ ಕಂಬಳಿಯ ವಿಷಯ ಹೇಳುವ ಧೈರ್ಯ ಇನ್ನಷ್ಟು ಇಳಿಯಿತು.

ಖಾಜಾ ಹುಸೇನ್ ಮಾತ್ರ ಪರದೆಯನ್ನೂ ಅವರನ್ನೂ ಒಮ್ಮೆ ನೋಡಿದ. ಟೀವಿಯೊಳಗಿನ ಸಣ್ಣ ದೋಷವನ್ನೂ ಕಂಡುಹಿಡಿಯುವ ಕಣ್ಣು ಅವನದು. "ಗಿರಿಯಪ್ಪಣ್ಣ, ಆ ಬೆನ್ನು ಬಹುತ್ ಸಣ್ಣ ಐತೆ."

"ಆಗ ಸಣ್ಣಗಿದ್ದೆ."

"ಎತ್ತರಾನೂ ಕಮ್ಮಿ ಐತೆ."

"ಆಮ್ಯಾಲೆ ಬೆಳೆದೆ" ಎಂದರು ಮೂಡಲಗಿರಿಯಪ್ಪನವರು. ಖಾಜಾ ಹುಸೇನ್ ಮಿಕ್ಸಿ ಬಿಚ್ಚತೊಡಗಿದ.

ಆ ವಾರದ 'ಕಾವಲು ಕಹಳೆ' ಮುಖಪುಟದಲ್ಲಿ 'ಆ ಬೆನ್ನು ನಮ್ಮೂರಿನದು!' ಎಂಬ ತಲೆಬರಹ ಬಂತು. ಕೆಳಗೆ ಮೂಡಲಗಿರಿಯಪ್ಪನವರ ಫೋಟೋ, ಹಿಂದಿನಿಂದ ತೆಗೆದದ್ದು. ಬೆನ್ನು ಪ್ರಸಿದ್ಧವಾದಾಗ ಮುಖಕ್ಕೆ ಏನು ಗತಿಯಾಗುತ್ತದೆ ಎಂಬುದನ್ನು ಚಳ್ಳಕೆರೆ ಆಗ ಕಂಡಿತು. ಎದುರು ಬಂದಾಗ ಯಾರೂ ನಮಸ್ಕಾರ ಮಾಡುತ್ತಿರಲಿಲ್ಲ, ದಾಟಿಹೋದ ಮೇಲೆ ಹಿಂದಿನಿಂದ, "ಓ, ಗಿರಿಯಪ್ಪೋರು!" ಎಂದು ಕೈಮುಗಿಯುತ್ತಿದ್ದರು. ಕಾಲೇಜಿನ ಹುಡುಗಿಯರು, "ಅಂಕಲ್, ಸ್ವಲ್ಪ ಆ ಕಡೆ ತಿರುಗಿ" ಎಂದು ಸೆಲ್ಫಿ ತೆಗೆದುಕೊಂಡರು. ದರ್ಜಿ ಅಂಗಿಯ ಅಳತೆ ತೆಗೆಯುವಾಗ ಎದೆಯ ಸುತ್ತಳತೆ ಬರೆದುಕೊಳ್ಳುವುದನ್ನೇ ಮರೆತ. ಬ್ಯಾಂಕಿನ ಸಾಲಿನಲ್ಲಿ ಹಿಂದೆ ನಿಂತಿದ್ದವನೊಬ್ಬ ಭಕ್ತಿಯಿಂದ ಮೂರಡಿ ದೂರ ಬಿಟ್ಟು ನಿಂತದ್ದರಿಂದ, ಆ ಮೂರಡಿಯಲ್ಲಿ ಇನ್ನಿಬ್ಬರು ನುಗ್ಗಿ ಜಗಳವಾಯಿತು.

ಪ್ರತಿ ರಾತ್ರಿ ಊಟಕ್ಕೆ ಕೂತಾಗ ಮೂಡಲಗಿರಿಯಪ್ಪನವರು, "ಗಂಗಾ, ಆ ಕಂಬಳಿ ಐತಲ್ಲ..." ಎಂದು ಶುರು ಮಾಡುವರು. "ಅದರ ಸುದ್ದಿ ಎತ್ತಬ್ಯಾಡ್ರಿ, ನಮ್ಮವ್ವನ ನೆನಪಾಗ್ತೈತೆ" ಎಂದು ಗಂಗಲಕ್ಷ್ಮಿ ಇನ್ನೊಂದು ಮುದ್ದೆ ಹಾಕುವರು. ಮುದ್ದೆ ತಟ್ಟೆಗೆ ಬಿದ್ದ ಮೇಲೆ ಸತ್ಯ ಹೇಳುವುದು ಎಂಥವರಿಗೂ ಕಷ್ಟ.

ಎರಡನೆಯ ವಾರ ಮೊಳಕಾಲ್ಮುರಿನಿಂದ ಗಂಗಲಕ್ಷ್ಮಿಯ ಅಣ್ಣ ಜಂಬುಲಿಂಗಪ್ಪನವರು ಕಾರಿನಲ್ಲಿ ಬಂದಿಳಿದರು. ರೇಷ್ಮೆ ಸೀರೆಯ ವ್ಯಾಪಾರಿ, 'ಬ್ರಹ್ಮಗಿರಿ ಕಲಾಭಿಮಾನಿ ಬಳಗ'ದ ಅಧ್ಯಕ್ಷ. ತಂಗಿಯ ಗಂಡನನ್ನು ಇಷ್ಟು ವರ್ಷ ಅವರು "ಲೇ ಗಿರಿ" ಎಂದೇ ಕರೆದವರು, ತಮ್ಮ ಮನೆಯ ಮದುವೆಯಲ್ಲಿ ಬಡಿಸಲು ನಿಲ್ಲಿಸಿದವರು. ಈಗ ಒಳಗೆ ಬಂದವರೇ ಎರಡು ಕೈ ಜೋಡಿಸಿದರು.

"ಭಾವನೋರೇ, ಏನ್ರೀ ಇದು? ಇಂಥ ಕಲಾವಿದ್ರು ನಮ್ಮ ಮನೆ ಅಳಿಯ ಆಗಿದ್ದು ನಮಗೇ ಗೊತ್ತಿಲ್ಲ ಅಂದ್ರೆ? ಬಳಗದಿಂದ ಸನ್ಮಾನ ಇಟ್ಟೀವಿ. ಸಿದ್ದಾಪುರದ ಗುಡ್ಡದ ಬುಡದಾಗೆ, ನೀವು ನಡೆದ ಜಾಗದಾಗೇ. ಬೆಳಗ್ಗೆ ಏಳಕ್ಕೆ. ಕುರಿನೂ ತರಿಸ್ತೀವಿ. ಹಾಡು ಹಾಕ್ತೀವಿ, ನೀವು ಮತ್ತೆ ನಡೀಬೇಕು."

"ಬ್ಯಾಡ ಭಾವ. ನನಗೆ ಮಂಡಿನೋವು."

"ಬೆನ್ನು ಸರಿಯಾಗೈತಲ್ಲ, ಅಷ್ಟು ಸಾಕು."

ಮೂಡಲಗಿರಿಯಪ್ಪನವರು ಹೆಂಡತಿಯ ಕಡೆ ನೋಡಿದರು. ಅಣ್ಣ ತಂದಿದ್ದ ಹಸಿರು ರೇಷ್ಮೆ ಸೀರೆಯನ್ನು ಗಂಗಲಕ್ಷ್ಮಿ ಎದೆಗೆ ಹಿಡಿದು ನಿಂತಿದ್ದರು. ತವರಿನಿಂದ ಸೀರೆ ಬಂದು ಹದಿನೆಂಟು ವರ್ಷವಾಗಿತ್ತು. "ನಡೀತಾರೆ ಬಿಡಣ್ಣ, ನಾನು ನಡೆಸ್ತೀನಿ" ಎಂದರು.

ಆ ಭಾನುವಾರ ಸಿದ್ದಾಪುರದ ಬಂಡೆಗಳ ನಡುವೆ ಶಾಮಿಯಾನ ಎದ್ದಿತ್ತು. ದಾರಿಯುದ್ದಕ್ಕೂ ಹತ್ತಡಿಯ ಫ್ಲೆಕ್ಸುಗಳಲ್ಲಿ ಮೂಡಲಗಿರಿಯಪ್ಪನವರ ಬೆನ್ನು. ಅವುಗಳ ಮೂಲೆಯಲ್ಲಿ ಜಂಬುಲಿಂಗಪ್ಪನವರ ಮುಖ, ಮುಂದಿನಿಂದ. ಚಳ್ಳಕೆರೆಯಿಂದ ಒಂದು ಬಸ್ಸು ತುಂಬ ಜನ ಬಂದಿದ್ದರು. ಸ್ಪೀಕರು, ಪರದೆ, ಮೈಕುಗಳ ಜವಾಬ್ದಾರಿ ಖಾಜಾ ಹುಸೇನನದು. ಮುಖ್ಯ ಅತಿಥಿಯಾಗಿ ತಾಲ್ಲೂಕು ಮಟ್ಟದ ಅಧಿಕಾರಿಯೊಬ್ಬರು ಬಂದು ಕೈಗಡಿಯಾರ ನೋಡಿಕೊಳ್ಳುತ್ತಿದ್ದರು.

ವೇದಿಕೆಯ ಮೇಲೆ ಎಲ್ಲರ ಕುರ್ಚಿಗಳೂ ಜನರ ಕಡೆ ಮುಖ ಮಾಡಿದ್ದವು. ನಡುವಿನ ಸಿಂಹಾಸನ ಮಾತ್ರ ಹಿಂದುಮುಂದಾಗಿತ್ತು. "ಜನ ಬಂದಿರೋದು ನಿಮ್ಮ ಬೆನ್ನು ನೋಡಕ್ಕೆ ಭಾವನೋರೇ" ಎಂದು ಜಂಬುಲಿಂಗಪ್ಪನವರು ವಿವರಿಸಿದರು. ಹೀಗಾಗಿ ಕನ್ನಡನಾಡಿನ ಸನ್ಮಾನಗಳ ಚರಿತ್ರೆಯಲ್ಲಿ ಬಹುಶಃ ಮೊದಲ ಬಾರಿಗೆ ಸನ್ಮಾನಿತರು ಸಭೆಗೆ ಬೆನ್ನು ಹಾಕಿ, ಗುಡ್ಡವನ್ನು ನೋಡುತ್ತ ಕೂತರು. ಹಾರವನ್ನು ಹಿಂದಿನಿಂದ ಹಾಕಿದರು. ಅದು ಕಿವಿಗೆ ಸಿಕ್ಕಿಕೊಂಡಿತು.

ಅಧಿಕಾರಿಗಳ ಭಾಷಣ ಶುರುವಾಯಿತು. ಮೂಡಲಗಿರಿಯಪ್ಪನವರ ಕಣ್ಣ ಮುಂದೆ ಇದ್ದದ್ದು ವೇದಿಕೆಯ ಹಿಂಭಾಗ. ಅಲ್ಲಿ ಸುಮಾರು ಐವತ್ತು ಕುರಿಗಳು, ಅವುಗಳನ್ನು ತಡೆದುಕೊಂಡು ಒಬ್ಬ ಮುದುಕ, ಒಬ್ಬಳು ಮುದುಕಿ. ಕಾರ್ಯಕ್ರಮಕ್ಕೆ ಕುರಿ ತಂದಿದ್ದ ಸಿದ್ದಾಪುರದ ದೊಡ್ಡಪಾಲಯ್ಯ ಮತ್ತು ಅವನ ಹೆಂಡತಿ ಪಾಪಕ್ಕ. ತಮ್ಮನ್ನು ಯಾರೂ ನೋಡುತ್ತಿಲ್ಲ ಎಂದುಕೊಂಡು ಅವರಿಬ್ಬರೂ ಜಗಳವಾಡುತ್ತಿದ್ದರು.

"ಆಯಪ್ಪನ ಬೆನ್ನಿಗೆ ಶಾಲು ಹಾಕ್ತಾರಂತೆ," ಎಂದಳು ಪಾಪಕ್ಕ. "ಅವತ್ತು ನಡೆದೋಳು ನಾನು. ಶಾಲು ಅವ್ನಿಗೆ."

"ಶುರು ಮಾಡಿದ್ಲಪ್ಪ. ಲೇ, ಸುಮ್ಕಿರು. ಊರಾಗೆ ಮಕ್ಳೆಲ್ಲಾ ಟೀವಿ ಪಾಪಕ್ಕ ಅಂತ ಆಡ್ಕೊಳ್ಳೋದು ಸಾಲ್ದಾ?"

"ಯಾಕೆ ಆಡ್ಕೊಂತಾರೆ? ನೀನು ಇಲ್ಲ ಅಂದಿದ್ದಕ್ಕೆ ಆಡ್ಕೊಂತಾರೆ. ಕ್ಯಾಮೆರಾ ಕಂಡು ನೀನು ಗುಡ್ಡ ಹತ್ತಿ ಓಡಿ ಹೋಗಿದ್ದಕ್ಕೆ ತಾನೆ ಅವ್ರು ನನ್ನ ತಲೆಮ್ಯಾಲೆ ಕಂಬಳಿ ಹಾಕಿ ನಡಿ ಅಂದಿದ್ದು? ದೇವರ ಮುಂದೆ ಹೇಳು, ಸುಳ್ಳಾ?"

ದೊಡ್ಡಪಾಲಯ್ಯ ದೇವರ ಗುಡ್ಡದ ಕಡೆ ಬೆನ್ನು ಮಾಡಿ, "ನನಗೇನೂ ನೆನಪಿಲ್ಲ" ಎಂದ.

ಸಿಂಹಾಸನದ ಮೇಲೆ ಮೂಡಲಗಿರಿಯಪ್ಪನವರು ಬೆವರತೊಡಗಿದರು. ಅವರು ಬಾಯಿ ತಪ್ಪಿ ಒಂದು ಬೆನ್ನನ್ನು ತಮ್ಮದೆಂದಿದ್ದರು. ಆ ಬೆನ್ನಿಗೆ ಒಡೆಯರು ಬೇರೆ ಯಾರೋ ಇರಬಹುದೆಂಬುದು ಇಷ್ಟು ದಿನ ಅವರ ತಲೆಗೇ ಬಂದಿರಲಿಲ್ಲ. ಬಂದಿದ್ದರೂ ಅದು ಹೆಂಗಸೆಂದು ಬರುತ್ತಿರಲಿಲ್ಲ. ಹಿಂದೆ ಅಧಿಕಾರಿಗಳು, "ಇಂಥ ಬೆನ್ನು ನಮ್ಮ ತಾಲ್ಲೂಕಿನ ಆಸ್ತಿ" ಎನ್ನುತ್ತಿದ್ದರು. ಚಪ್ಪಾಳೆ ಬಿತ್ತು.

"ಈಗ ಕಲಾವಿದರು ನಡೆದು ತೋರಿಸ್ತಾರೆ!" ಎಂದು ಜಂಬುಲಿಂಗಪ್ಪನವರು ಮೈಕಿನಲ್ಲಿ ಸಾರಿದರು.

ಹೊಸದೊಂದು ಕಂಬಳಿ ಹೊದಿಸಿ, ಕೈಗೆ ಕೋಲು ಕೊಟ್ಟು, ಮೂಡಲಗಿರಿಯಪ್ಪನವರನ್ನು ಬಯಲಿಗೆ ಇಳಿಸಿದರು. ಕುರಿಗಳನ್ನು ಅವರ ಮುಂದೆ ತಂದು ಬಿಟ್ಟರು. ಖಾಜಾ ಹುಸೇನ್ ಹಾಡು ಹಾಕಿದ. ಕೊಳಲು ಬಂಡೆಗೆ ಬಡಿದು ಮೊಳಗಿತು. ಮೂಡಲಗಿರಿಯಪ್ಪನವರು ಒಂದು ಹೆಜ್ಜೆ ಇಟ್ಟರು. ಕುರಿಗಳು ಒಂದು ಹೆಜ್ಜೆಯೂ ಇಡಲಿಲ್ಲ.

"ಹೋಗ್ರಿ" ಎಂದರು ಮೂಡಲಗಿರಿಯಪ್ಪನವರು. ಮೂವತ್ತು ವರ್ಷ ಮಿಲ್ಲಿನಲ್ಲಿ ರೈತರೊಡನೆ ವ್ಯವಹರಿಸಿದವರು, ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. "ಸ್ವಲ್ಪ ಮುಂದಕ್ಕೆ ಹೋಗ್ರಿ. ದಯವಿಟ್ಟು."

ಕುರಿಗಳು ಆ ಮರ್ಯಾದೆಗೆ ಬೆರಗಾಗಿ ಅವರನ್ನೇ ನೋಡಿದವು. ಅಷ್ಟರಲ್ಲಿ ಸ್ಪೀಕರಿನಲ್ಲಿ ತಾಳದ ಬಡಿತ ಬಂತು. ಮುಂದಿದ್ದ ಟಗರು ಗಾಬರಿಗೊಂಡು ವೇದಿಕೆಯ ಕಡೆ ತಿರುಗಿತು. ಐವತ್ತೂ ಅದರ ಹಿಂದೆ ಹೊರಟವು. ನಾಲ್ಕು ಕುರಿಗಳು ಕುರ್ಚಿಗಳ ನಡುವೆ ನುಗ್ಗಿದವು, ಇನ್ನೊಂದು, ಸಿಂಹಾಸನದ ಮೇಲೆ ಬಿಟ್ಟಿದ್ದ ಹಾರ ತಿನ್ನತೊಡಗಿತು, ಟಗರು ಅಧಿಕಾರಿಗಳ ತೊಡೆಯ ಮೇಲೆ ಮುಂಗಾಲು ಇಟ್ಟು ಭಾಷಣದ ಹಾಳೆ ಬಾಯಿಗೆ ತೆಗೆದುಕೊಂಡಿತು.

"ಇದು ಆಹ್ವಾನ ಪತ್ರಿಕೆಯಲ್ಲಿ ಇರಲಿಲ್ಲ!" ಎಂದರು ಅಧಿಕಾರಿಗಳು.

"ಭಾವ! ತಿರುಗಬ್ಯಾಡ್ರಿ! ವಿಡಿಯೋ ನಡೀತೈತೆ! ನಡೀರಿ!" ಎಂದು ಜಂಬುಲಿಂಗಪ್ಪನವರು ಮೈಕಿನಲ್ಲೇ ಕಿರುಚಿದರು.

ಮೂಡಲಗಿರಿಯಪ್ಪನವರು ತಿರುಗಿದರು. ಸೀದಾ ವೇದಿಕೆಯ ಹಿಂದಕ್ಕೆ ಹೋಗಿ, ಕಂಬಳಿಯನ್ನು ತೆಗೆದು ಪಾಪಕ್ಕನ ಮುಂದೆ ಹಿಡಿದರು.

"ತಗೋ ತಾಯಿ. ನೀನೇ ನಡಿ."

ಪಾಪಕ್ಕ ಅವರ ಮುಖ ನೋಡಿದಳು. ಯಾಕೆಂದು ಕೇಳಲು ಅವಳಿಗೆ ಪುರಸೊತ್ತಿರಲಿಲ್ಲ; ಮರಿಯೊಂದು ರಸ್ತೆಯ ಕಡೆ ಹೊರಟಿತ್ತು. ಕಂಬಳಿಯನ್ನು ಒಂದೇ ಸಲಕ್ಕೆ ಕೊಪ್ಪೆ ಮಾಡಿ ತಲೆಗೆ ಎಳೆದುಕೊಂಡಳು, ನಾಲಿಗೆ ಮಡಿಸಿ "ಟ್ರ್ರ್ರ್ ಹೋ" ಎಂದಳು. ವೇದಿಕೆಯಿಂದ, ಕುರ್ಚಿಯಿಂದ, ಅಧಿಕಾರಿಗಳ ತೊಡೆಯಿಂದ ಕುರಿಗಳು ಇಳಿದು ಬಂದು ಅವಳ ಮುಂದೆ ಸೇರಿದವು. ಅವಳು ಗುಡ್ಡದ ಕಡೆ ಹೊರಟಳು.

ಖಾಜಾ ಹುಸೇನನಿಗೆ ಏನನ್ನಿಸಿತೋ, ಹಾಡನ್ನು ಮೊದಲಿಂದ ಹಾಕಿದ. ಪರದೆಯ ಮೇಲೆ ಮೂವತ್ತೆರಡು ವರ್ಷ ಹಳೆಯ ಆಕೃತಿ ನಡೆಯತೊಡಗಿತು, ಬಯಲಿನಲ್ಲಿ ಪಾಪಕ್ಕ ನಡೆಯುತ್ತಿದ್ದಳು. ಎಡಗಾಲು ಒಂದಿಷ್ಟು ಹೊರಕ್ಕೆ, ತಲೆ ತುಸು ಬಲಕ್ಕೆ. ಕೊಳಲು ನಿಂತು ಉಸಿರೆಳೆದುಕೊಳ್ಳುವ ಜಾಗದಲ್ಲಿ ಪರದೆಯ ಆಕೃತಿ ಕೋಲನ್ನು ಎಡ ಹೆಗಲಿನಿಂದ ಬಲ ಹೆಗಲಿಗೆ ಬದಲಿಸಿತು. ಬಯಲಿನಲ್ಲಿ ಪಾಪಕ್ಕನೂ ಬದಲಿಸಿದಳು.

"ಯಾ ಅಲ್ಲಾ!" ಎಂದು ಖಾಜಾ ಹುಸೇನ್ ಎದ್ದು ನಿಂತ. "ಪೀಠ್ ತೋ ವಹೀ ಹೈ! ಅದೇ ಬೆನ್ನು!"

"ಅವುನು, ಆಯಮ್ಮೇ!" ಎಂದು ಹಿಂದಿನ ಸಾಲಿನಲ್ಲಿ ಯಾರೋ ತೆಲುಗಿನಲ್ಲಿ ಕೂಗಿದರು. ಸಭೆಯೆಲ್ಲ ಪರದೆ ಒಮ್ಮೆ, ಬಯಲು ಒಮ್ಮೆ ನೋಡತೊಡಗಿತು.

ಮೂಡಲಗಿರಿಯಪ್ಪನವರು ಮೈಕಿನ ಹತ್ತಿರ ಹೋದರು. ಜಂಬುಲಿಂಗಪ್ಪನವರು ಮೈಕು ಬಿಡಲಿಲ್ಲ. "ಲೇ ಗಿರಿ," ಎಂದರು ಹಲ್ಲು ಕಚ್ಚಿ, "ಸಾಹೇಬ್ರು ಅವ್ರೆ. ಮಾನ ತೆಗೀಬ್ಯಾಡ."

"ಭಾವ, ಒಂದು ನಿಮಿಷ ಕೊಡು" ಎಂದು ಅವರು ಮೈಕನ್ನು ಕಿತ್ತುಕೊಂಡರು. ಸಭೆಯನ್ನು ಆವತ್ತು ಮೊದಲ ಸಲ ಎದುರಿನಿಂದ ನೋಡಿದ್ದರಿಂದ ಮಾತು ತಡವರಿಸಿತು. "ಆ ಬೆನ್ನು ನಂದಲ್ಲ. ಆ ಯಮ್ಮಂದು. ಕಂಬಳಿ ಮಾತ್ರ ನಂದು. ಟೈಟಲ್‌ನಾಗೆ ಹೆಸರು ಹಾಕ್ತೀವಿ ಅಂದ್ರು ಅಂತ ಆಸೆಗೆ ಕೊಟ್ಟೆ. ಅವ್ರು ಹೆಸರೂ ಹಾಕ್ಲಿಲ್ಲ, ಕಂಬಳೀನೂ ಕೊಡ್ಲಿಲ್ಲ. ಮನೇಲಿ ಹೇಳಕ್ಕೆ ಹೆದರಿಕೊಂಡು ಕಳುವಾತು ಅಂದೆ. ತಪ್ಪಾತು."

ಸಭೆ ನಗಲೋ ಬೇಡವೋ ಎಂದು ಅಧಿಕಾರಿಗಳ ಮುಖ ನೋಡಿತು. ಅಧಿಕಾರಿಗಳು ಪ್ರಮಾಣಪತ್ರ ನೋಡುತ್ತಿದ್ದರು. "ಇದರಲ್ಲಿ ಶ್ರೀಯುತ ಅಂತ ಅಚ್ಚಾಗಿದೆ. ಶ್ರೀಮತಿ ಆಗಬೇಕಾದರೆ ತಿದ್ದುಪಡಿಗೆ ಅರ್ಜಿ ಕೊಡಬೇಕಾಗುತ್ತೆ. ಜೊತೆಗೆ ಒಬ್ಬ ಸಾಕ್ಷಿ ಬೇಕು."

"ಸಾಕ್ಷಿ ನಾನೇ ಸ್ವಾಮಿ."

ದೊಡ್ಡಪಾಲಯ್ಯ ಪೇಟ ಬಿಚ್ಚಿ ಕೈಯಲ್ಲಿ ಹಿಡಿದು ವ್ಯಾಸಪೀಠದ ಹತ್ತಿರ ಬಂದಿದ್ದ. "ಆ ಯಜಮಾನ್ರು ಇಷ್ಟು ಜನದ ಮುಂದೆ ಹೇಳಿದ್ರು. ನಾನೂ ಹೇಳ್ಬಿಡ್ತೀನಿ. ಅವತ್ತು ಮೂರು ಕಾಲಿನ ಮ್ಯಾಲೆ ಕ್ಯಾಮೆರಾ ಇಟ್ಟಿದ್ರು. ಸರ್ವೆಯೋರು ಜಮೀನು ಅಳೆಯಕ್ಕೆ ಬಂದವ್ರೆ, ಹೆಬ್ಬೆಟ್ಟು ಒತ್ತಿಸ್ಕೊಂತಾರೆ ಅಂತ ನಾನು ಗುಡ್ಡ ಹತ್ತಿ ಓಡ್ಬಿಟ್ಟೆ. ಬಂಡೆ ಸಂದಿಯಾಗೆ ಕುಂತು ಎಲ್ಲಾ ನೋಡ್ದೆ. ನಡೆದೋಳು ನಮ್ ಪಾಪಿ. ಗಂಡ್ಸು ಓಡಿ ಹೋದ ಅಂತಾರೆ ಅಂತ ಇಷ್ಟು ವರ್ಷ ನಾನೇ ಅವಳನ್ನ ಸುಳ್ಳಿ ಮಾಡ್ದೆ."

ಈಗ ಸಭೆ ಯಾರ ಮುಖವನ್ನೂ ನೋಡದೆ ನಕ್ಕಿತು. ಪಾಪಕ್ಕ ಕುರಿ ತಿರುಗಿಸಿಕೊಂಡು ಬರುವಾಗ ಆ ನಗೆ ಚಪ್ಪಾಳೆಯಾಗಿತ್ತು. ತನಗೆ ಯಾಕೆ ಚಪ್ಪಾಳೆ ಹೊಡೆಯುತ್ತಿದ್ದಾರೆಂದು ತಿಳಿಯದೆ ಅವಳು ಮೊದಲು ಕುರಿಗಳನ್ನು ಎಣಿಸಿಕೊಂಡಳು. ಶಾಲನ್ನು ಗಂಗಲಕ್ಷ್ಮಿಯವರೇ ಎದ್ದು ಹೋಗಿ ಅಧಿಕಾರಿಗಳ ಕೈಯಿಂದ ತೆಗೆದುಕೊಂಡು ಅವಳ ಹೆಗಲಿಗೆ ಹಾಕಿದರು. ಆಮೇಲೆ ಗಂಡನ ಕಡೆ ತಿರುಗಿದರು.

"ನಮ್ಮವ್ವ ಸಾಯೋತನಕ ಆ ಬಸ್ಸಿನ ಕಂಡಕ್ಟರ್‌ಗೆ ಶಾಪ ಹಾಕಿದ್ಲು ಕಣ್ರೀ."

ಮೂಡಲಗಿರಿಯಪ್ಪನವರು ನೆಲ ನೋಡಿದರು.

"ಕಂಬಳಿ ನಿಮ್ದಾ ತಾಯಿ?" ಎಂದಳು ಪಾಪಕ್ಕ. "ಅದನ್ನ ನನಗೇ ಕೊಟ್ಟು ಹೋದ್ರು, ಕೂಲಿ ಬದಲು ಇಟ್ಕೋ ಅಂತ. ಮೂರು ಮಕ್ಳ ಬಾಣಂತನ ಅದ್ರಾಗೇ ಆತು. ಎಳೆ ಎಳೆ ಆಗೋತನಕ ಹೊದ್ದಿವಿ."

ಗಂಗಲಕ್ಷ್ಮಿ ಅವಳ ಹೆಗಲ ಮೇಲಿನ ಶಾಲನ್ನು ಸರಿಪಡಿಸಿದರು. "ಬೆಚ್ಚಗಿತ್ತಾ?"

"ಹೂಂ ತಾಯಿ. ಬೆಚ್ಚಗಿತ್ತು."

"ನಮ್ಮವ್ವನೇ ನೂಲು ತೆಗೆದಿದ್ಲು" ಎಂದರು ಗಂಗಲಕ್ಷ್ಮಿ. ಸೆರಗಿನಿಂದ ಮೂಗು ಒರೆಸಿಕೊಂಡು, ಹಾರದ ಒಂದು ತುಂಡು ಇನ್ನೂ ಗಂಡನ ಕಿವಿಗೆ ಸಿಕ್ಕಿಕೊಂಡಿದ್ದನ್ನು ಬಿಡಿಸಿ ಎಸೆದರು.

ಜಂಬುಲಿಂಗಪ್ಪನವರು ಯಾರಿಗೂ ಹೇಳದೆ ಕಾರು ಹತ್ತಿ ಹೋದರು. ಅಧಿಕಾರಿಗಳು ಅರ್ಧ ತಿಂದ ಭಾಷಣವನ್ನು ಮಡಿಸಿ ಜೇಬಿಗಿಟ್ಟು ಹೊರಟರು. ಗೋವರ್ಧನ ಒಂದು ಬಂಡೆಯ ಮೇಲೆ ಕೂತು ಮುಂದಿನ ಸಂಚಿಕೆಯ ತಲೆಬರಹ ಬರೆಯತೊಡಗಿದ: 'ಬೆನ್ನು ಬದಲಾಗಿದೆ, ವಿಷಾದಿಸುತ್ತೇವೆ.'

ಜನ ಚದುರಿದ ಮೇಲೆ ಮೂಡಲಗಿರಿಯಪ್ಪನವರು ಪಾಪಕ್ಕನ ಹತ್ತಿರ ಬಂದು ಕೂತರು. "ಆ ಹಾಡು ನಿನಗೆ ಇಷ್ಟವಾ ತಾಯಿ?"

"ಯಾವ ಹಾಡು ಸ್ವಾಮಿ? ಇವತ್ತೇ ಕೇಳಿದ್ದು. ಅವತ್ತು ಹಾಡು ಎಲ್ಲಿತ್ತು? ನಡಿ, ನಡಿ, ತಿರುಗಬ್ಯಾಡ ಅಂತ ಒಬ್ಬ ಬಡ್ಕೊಳ್ತಿದ್ದ, ಅಷ್ಟೆ."

"ಟೀವಿಯಾಗೆ ನೋಡಿಲ್ವಾ?"

"ಅದು ಬರೋ ಹೊತ್ತಿಗೆ ನಾನು ಕುರಿ ರೊಪ್ಪಕ್ಕೆ ಕೂಡ್ತಿದ್ದೆ. ಈಗ ಪರದೆ ಮ್ಯಾಲೆ ಹಾಕಿದ್ರಂತೆ. ನಾನು ಆ ಕಡೆ ನಡೀತಿದ್ದೆನಲ್ಲ."

ಖಾಜಾ ಹುಸೇನ್ ಪರದೆ ಸುತ್ತಿಟ್ಟಾಗಿತ್ತು. ಜೇಬಿನಿಂದ ಫೋನು ತೆಗೆದು ಹಾಡು ಹಚ್ಚಿ ಅವಳ ಮುಂದೆ ಹಿಡಿದ. ಬಿಸಿಲು ಬೀಳದಂತೆ ಗಂಗಲಕ್ಷ್ಮಿ ಹೊಸ ಶಾಲನ್ನು ಮೇಲೆ ಮರೆ ಹಿಡಿದರು. ದೊಡ್ಡಪಾಲಯ್ಯ ಹೆಂಡತಿಯ ಹೆಗಲ ಮೇಲಿಂದ ಇಣುಕಿದ. ಪಾಪಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. ತನ್ನ ಬೆನ್ನನ್ನು ಅವಳು ನೋಡಲೇ ಇಲ್ಲ.

"ಅಯ್ಯೋ, ಇದು ಕೆಂದಿ!" ಎಂದಳು. "ನೋಡೋ, ಕೆಂದಿ! ಇದು ಬೋಳಿ. ಇದು ಗುಂಡು ಟಗರು, ಆ ವರ್ಷವೇ ತೋಳ ಹಿಡೀತಲ್ಲ. ಇದು... ಇದು ಕುಂಟ ಮರಿ ಅಲ್ವೇನೋ? ಎಷ್ಟು ಚೆಂದ ಓಡ್ತೈತೆ..." ಅವಳ ಬೆರಳು ಗಾಜಿನ ಮೇಲೆ ಒಂದೊಂದೇ ಕುರಿಯ ಹಿಂದೆ ಹೋಯಿತು. ಅಷ್ಟರಲ್ಲಿ ಪರದೆಯ ನಡುವೆ ದಪ್ಪ ಹಳದಿ ಅಕ್ಷರಗಳು ಮೂಡಿದವು. "ಇದೇನಿದು ಅಡ್ಡ ಬಂತು?"

"ಹೆಸರು ಅವ್ವ," ಎಂದ ಖಾಜಾ ಹುಸೇನ್. "ನಿರ್ಮಾಪಕರದು, ನಿರ್ದೇಶಕರದು."

"ನಮ್ ಕುರಿ ಕಾಣವಲ್ಲವು. ಸರಿಸು ಅತ್ಲಾಗೆ."

"ಸರಿಸಕ್ಕೆ ಬರಲ್ಲ ತಾಯಿ" ಎಂದರು ಮೂಡಲಗಿರಿಯಪ್ಪನವರು.

"ಹಂಗಾದ್ರೆ ಮೊದ್ಲಿಂದ ಹಾಕು. ಅವು ಬರೋದ್ರೊಳಗೆ ನೋಡ್ಕೊಂತೀನಿ."

ಮೊದಲಿಂದ ಹಾಕಿದರು. ಮತ್ತೆ ಹಾಕಿದರು. ಐದನೆಯ ಸಲ ಕುಂಟ ಮರಿ ಬಂಡೆ ಹತ್ತುವಾಗ ಹೊಲದ ಕಡೆಯಿಂದ ಯಾರೋ ಬೈಯುವುದು ಕೇಳಿಸಿತು. ಇವತ್ತಿನ ಕುರಿಗಳು ಯಾರದೋ ಶೇಂಗಾಕ್ಕೆ ಬಾಯಿ ಹಾಕಿದ್ದವು. ಪಾಪಕ್ಕ ಕೋಲು ಹಿಡಿದು ಎದ್ದಳು. ದೊಡ್ಡಪಾಲಯ್ಯ ಆಗಲೇ ಓಡುತ್ತಿದ್ದ.

"ಅದನ್ನ ನಿಲ್ಲಿಸ್ಕೊಂಡಿರ್ರಿ ಸ್ವಾಮಿ," ಎಂದಳು ಮೂಡಲಗಿರಿಯಪ್ಪನವರಿಗೆ. "ಮುಂದಕ್ಕೆ ಬಿಡಬ್ಯಾಡ್ರಿ. ನಾನು ಬರೋತನಕ ನಮ್ ಕುರಿ ಅಲ್ಲೇ ಇರ್ಲಿ."

ಖಾಜಾ ಹುಸೇನ್ ನಿಲ್ಲಿಸಿ ಫೋನನ್ನು ಅವರ ಕೈಗೆ ಕೊಟ್ಟ. ಮೂಡಲಗಿರಿಯಪ್ಪನವರು ಅದನ್ನು ಎರಡೂ ಕೈಯಲ್ಲಿ ಹಿಡಿದು, ಪರದೆ ಆರಿಹೋಗದಂತೆ ಆಗಾಗ ಹೆಬ್ಬೆರಳಿನಿಂದ ಮೆಲ್ಲಗೆ ಮುಟ್ಟುತ್ತ, ಅದರೊಳಗಿನ ಹದಿನಾಲ್ಕು ಕುರಿಗಳನ್ನು ಅರ್ಧ ಗಂಟೆ ಕಾದರು.